ಅಲ್ಲಾಡುವ ಅಲಗು

ಎಂಬತ್ನಾಲ್ಕರ ಮಳೆಗಾಲದಲ್ಲಿ, ಯಲಬುರ್ಗಾದ ಹೊರಗಿದ್ದ ಸರ್ಕಾರಿ ಸಸಿತೋಟದಲ್ಲಿ ಮಾರೆವ್ವ ಮಾಡಿದ ಕಸಿ ಒಂದೂ ಹತ್ತಲಿಲ್ಲ.

ಹೇಳಿಕೊಳ್ಳುವುದಕ್ಕೆ ಸಣ್ಣ ಕೆಲಸ. ಕಾಡು ಬಾರೆಯ (ಎಲಚಿಯ) ಸಸಿಯ ತೊಗಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಸೀಳಬೇಕು. ದೊಡ್ಡ ಹಣ್ಣು ಬಿಡುವ ಜಾತಿಯ ಟೊಂಗೆಯಿಂದ ಒಂದು ಕಣ್ಣನ್ನು, ಅಂದರೆ ಚಿಗುರೊಡೆಯುವ ಮೊಗ್ಗನ್ನು, ತೆಳ್ಳಗೆ ಎತ್ತಿ ಆ ಸೀಳಿನೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಎತ್ತಿದ ಕಣ್ಣಿನ ಹಿಂಬದಿ ಗಾಜಿನಂತೆ ನುಣ್ಣಗಿದ್ದರೆ ಹಸಿರು ಹಸಿರಿಗೆ ಅಂಟಿಕೊಳ್ಳುತ್ತದೆ. ಏರುತಗ್ಗಾದರೆ ನಡುವೆ ಗಾಳಿ ಸೇರಿ ಒಣಗುತ್ತದೆ. ಮಾರೆವ್ವ ಎತ್ತಿದ ಕಣ್ಣುಗಳೆಲ್ಲ ಇಲಿ ಕಡಿದ ರೊಟ್ಟಿಯ ಹಾಗೆ ಬರುತ್ತಿದ್ದವು.

ಅವಳ ಲೆಕ್ಕಕ್ಕೆ ತಪ್ಪು ಚಾಕುವಿನದು. ಮರದ ಹಿಡಿ, ಹಿತ್ತಾಳೆ ಕಟ್ಟು, ಒಳಗೆ ಮಡಚುವ ಅಲಗು. ಮೊದಲು ಕಸಿ ಮಾಡುತ್ತಿದ್ದ ಪಕ್ಕೀರವ್ವ ಮಗಳ ಊರಿಗೆ ಹೋದ ಮೇಲೆ ಕೆಲಸದ ಜೊತೆಗೆ ಚಾಕುವೂ ಮಾರೆವ್ವನಿಗೆ ಬಂದಿತ್ತು. ಅಲ್ಲಿಯವರೆಗೆ ಅವಳದು ಚೀಲಕ್ಕೆ ಮಣ್ಣು ತುಂಬುವ ಕೆಲಸ. ಈ ಚಾಕು ಬಿಚ್ಚಿ ಹಿಡಿದರೆ ಅಲಗು ಎಡಕ್ಕೂ ಬಲಕ್ಕೂ ಆಡುತ್ತಿತ್ತು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಬಿಚ್ಚಿದ ಅಲಗು ಹಿಂದೆ ಮಡಚಿಕೊಳ್ಳದಂತೆ ಹಿಡಿಯ ಬೆನ್ನಿಗೊಂದು ಸ್ಪ್ರಿಂಗಿನ ಪಟ್ಟಿ ಇತ್ತು. ಅದರ ಹಲ್ಲು ಅಲಗಿನ ಬುಡದ ಕಚ್ಚಿನೊಳಗೆ ಪೂರ್ತಿ ಇಳಿಯುತ್ತಿರಲಿಲ್ಲ. ಗಟ್ಟಿ ಟೊಂಗೆಗೆ ಸ್ವಲ್ಪ ಒತ್ತಿದರೆ ಸಾಕು, ಹಲ್ಲು ಜಾರಿ ಅಲಗು ಬೆರಳ ಮೇಲೆ ಬೀಳುತ್ತಿತ್ತು. ಅವಳ ತೋರುಬೆರಳಿಗೆ ಅರಿವೆ ಸುತ್ತಿದ್ದು ಬಿಚ್ಚಿದ್ದೇ ಇಲ್ಲ.

ಕನಕಪ್ಪ ತೋಟಗಾರಿಕೆ ಇಲಾಖೆಯ ಸಹಾಯಕ. ಸಿಟ್ಟಿನ ಮನುಷ್ಯನಲ್ಲ. ಅವತ್ತು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನೋಡಿ ಬೆನ್ನು ನೆಟ್ಟಗೆ ಮಾಡಿಕೊಂಡ.

"ಇವೂ ಹೋದ್ವಲ್ಲ, ಮಾರೆವ್ವ."

"ಚಾಕು ಅಲ್ಲಾಡತೈತ್ರಿ, ಸಾಹೇಬ್ರ. ಗೆರಿ ನೆಟ್ಟಗ ಬರೂದಿಲ್ಲ."

"ಕೊಡಿಲ್ಲೆ."

ಅವನು ಚಾಕು ತೆಗೆದುಕೊಂಡು ಒಂದು ಟೊಂಗೆಯಿಂದ ಕಣ್ಣು ಎತ್ತಿದ. ನುಣ್ಣಗೆ ಬಂತು. ಪಕ್ಕದಲ್ಲಿದ್ದ ಮಾಲಿ ಓಬಳೆಪ್ಪನಿಗೆ ಕೊಟ್ಟ. ಓಬಳೆಪ್ಪ ಸಸಿತೋಟ ಶುರುವಾದಾಗಿನಿಂದ ಇದ್ದವನು, ಅವನ ಮುಷ್ಟಿಯೊಳಗೆ ಚಾಕುವಿನ ಹಿಡಿ ಕಾಣಲೇ ಇಲ್ಲ. ಅವನೂ ಒಂದು ಎತ್ತಿದ. ಅದೂ ನುಣ್ಣಗೆ ಬಂತು.

"ಎಲ್ಲಿ ಅಲ್ಲಾಡತೈತಿ, ತಂಗಿ? ಕಬ್ಬಿಣ ಕಡ್ಯಾಕ ಒಯ್ದರೂ ಜಗ್ಗೂದಿಲ್ಲ ಇದು," ಎಂದ ಓಬಳೆಪ್ಪ. "ನಿನ್ನ ಕೈ ನಡುಗತೈತಿ. ಹೆಣ್ಣು ಕೈ, ರೂಢಿ ಆಗೂಮಟ ಹಂಗ."

ಮಾರೆವ್ವ ಚಾಕು ಕಸಿದುಕೊಂಡವಳಂತೆ ತೆಗೆದುಕೊಂಡು ಅವರೆದುರಿಗೇ ಒಂದು ಟೊಂಗೆಗೆ ಹಚ್ಚಿದಳು. ಅಲಗು ವಾಲಿತು, ಕಣ್ಣು ಎರಡು ತುಂಡಾಗಿ ಬಂತು. ಓಬಳೆಪ್ಪ ಆ ತುಂಡುಗಳನ್ನು ಕಾಲಿನಿಂದ ಬದಿಗೆ ಸರಿಸಿದ.

"ಶ್ರಾವಣ ಮುಗ್ಯೂದರೊಳಗ ಇಟಗಿ ಕಡೆ ರೈತರ ಬದುವಿನ ಮ್ಯಾಲಿನ ಗಿಡಕ್ಕ ಕಸಿ ಮಾಡಾಕ ಮಂದಿ ಕಳಸಬೇಕು," ಎಂದ ಕನಕಪ್ಪ. "ಕೈ ಕುಂತವರನ್ನ ಕಳಸ್ತೀನಿ. ನಿನಗ ಆಗವಲ್ದು ಅಂದ್ರ ಚೀಲ ತುಂಬೂದು ಇದ್ದ ಐತಿ."

ಮನೆಗೆ ಹೋಗುವ ದಾರಿಯಲ್ಲೆಲ್ಲ ಅವಳು ಚಾಕು ಬಿಚ್ಚಿ ಹಿಡಿದು ಅಲುಗಿಸಿ ನೋಡುತ್ತಲೇ ಇದ್ದಳು. ಕಟಕಟ ಸದ್ದು ಬರುತ್ತಿತ್ತು. ತಾನು ಹುಚ್ಚಿಯಲ್ಲ, ಕಿವಿಗೆ ಕೇಳುತ್ತಿದೆ. ಅವರ ಕೈಗೆ ಹೋದ ಕೂಡಲೇ ಈ ದರಿದ್ರ ಚಾಕು ಯಾಕೆ ಸಂಭಾವಿತನ ಹಾಗೆ ನಿಲ್ಲುತ್ತದೆ?

ಗಂಡ ದುರುಗಪ್ಪ ಕೊಟ್ಟಿಗೆಯ ಮುಂದೆ ಕುಂಟೆಗೆ ಬೆಣೆ ಬಡಿಯುತ್ತಿದ್ದ. ಚಾಕು ತಿರುಗಿಸಿ ನೋಡಿ, "ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡಿಯಾ? ಮೊಳಿ ಸಡ್ಲ ಆಗೈತಿ," ಎಂದವನೇ ಅಲಗು ತಿರುಗುವ ಮೊಳೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ. ಅಲ್ಲಾಡುವುದು ನಿಂತಿತು. ಆದರೆ ಅಲಗು ಅರ್ಧ ಬಿಚ್ಚಿದಲ್ಲೇ ಸಿಕ್ಕಿಕೊಂಡಿತು.

"ಬಿಗಿ ಭಾಳ ಆತು," ಎಂದು ಎಣ್ಣೆ ಬಿಟ್ಟು, ಇಕ್ಕಳದಲ್ಲಿ ಹಿಡಿದು ಹಿಂದೆ ಮುಂದೆ ಎಳೆದ. ಅಲಗು ಬಿಟ್ಟುಕೊಂಡಿತು, ಹಾಗೇ ಸಡಿಲವೂ ಆಯಿತು, ಮೊದಲಿಗಿಂತ ಹೆಚ್ಚು. ಮತ್ತೆ ಬಡಿದ. ಮತ್ತೆ ಸಿಕ್ಕಿಕೊಂಡಿತು. ಮತ್ತೆ ಎಳೆದ. ಹಿತ್ತಾಳೆ ಕಟ್ಟಿನ ಮೇಲೆ ಸುತ್ತಿಗೆಯ ಗುರುತುಗಳು ಬಿದ್ದವು.

"ಸಾಕು ಬಿಡ್ರಿ, ಸರ್ಕಾರದ್ದು ಅದು," ಎಂದು ಮಾರೆವ್ವ ಕಿತ್ತುಕೊಂಡಳು. ಅವಳಿಗೆ ಅಳು ಬರಲಿಲ್ಲ. ಒಲೆಯ ಮುಂದೆ ಕೂತು ಹಿಟ್ಟನ್ನು ಎಷ್ಟು ಜೋರಾಗಿ ನಾದಿದಳೆಂದರೆ ಪರಾತದಿಂದ ಒಂದು ಚೂರು ಹಾರಿ ಗೋಡೆಗೆ ಬಿತ್ತು.

ವಾರದ ರಜೆಯ ದಿನ ಅವಳು ಕೊಪ್ಪಳದ ಬಸ್ಸು ಹತ್ತಿದಳು. ಗಡಿಯಾರ ಕಂಬದ ಹತ್ತಿರ ಒಂದು ಬೇವಿನ ಮರದ ಕೆಳಗೆ ಅಬ್ದುಲಸಾಬ ಎಂಬ ಮುದುಕ ಕೂರುತ್ತಿದ್ದ. ಸ್ಟೋವ್, ಕೊಡೆ, ಬೀಗ ರಿಪೇರಿ ಅವನ ಕಸುಬು. ಅವನ ಮುಂದೆ ಬಾಯಿ ತೆರೆದ ಸ್ಟೋವುಗಳು ಸಾಲಾಗಿ ಕೂತಿದ್ದವು. ಮಾರೆವ್ವ ತನ್ನ ಪಾಳಿಗೆ ಕಾದು, ಚಾಕು ಕೊಟ್ಟು, ಎರಡೂ ತಕರಾರು ಹೇಳಿದಳು. ಅಲಗು ಆಡುತ್ತದೆ. ಬಿಚ್ಚಿದ್ದು ನಿಲ್ಲುವುದಿಲ್ಲ.

ಅಬ್ದುಲಸಾಬ ಚಾಕುವನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ಅದ್ದಿ, ಸೂಜಿಯಿಂದ ಕಚ್ಚನ್ನು ಕೆದಕಿದ. ಬಾರೆಯ ಅಂಟು, ಮಣ್ಣು ಸೇರಿ ಗಟ್ಟಿಯಾದ ಕರಿಯ ಹೊಲಸು ಉದುರಿತು. "ನೋಡು, ಕಚ್ಚು ತುಂಬಿ ಕುಂತಿತ್ತು. ಹಲ್ಲು ಎಲ್ಲಿ ಇಳೀಬೇಕು?" ಎಂದು ಒರೆಸಿ, ಎಣ್ಣೆ ಹಚ್ಚಿ, ಬಿಚ್ಚಿ ಒಂದು ಕಡ್ಡಿ ಕೊಯ್ದ. "ಬರಾಬರ್ ಐತಿ. ತಗೋ, ಯವ್ವಾ."

ಅವಳು ಹಿಡಿದು ಅಲುಗಿಸಿದಳು. ಕಟಕಟ.

"ಇನ್ನೂ ಅಲ್ಲಾಡತೈತ್ರಿ, ಸಾಬ್ರ."

ಅವನು ತೆಗೆದುಕೊಂಡು ನೋಡಿದ. "ಇಲ್ಲಲ್ಲ."

ಅವಳ ತಲೆಗೆ ರಕ್ತ ಏರಿತು. ಇವನೂ ಅದನ್ನೇ ಹೇಳುತ್ತಾನೆ. ಬಸ್ಸು ಹತ್ತಿ ಬಂದು, ಇಷ್ಟು ಹೊತ್ತು ಕಾದು, ಮತ್ತೆ ಅದೇ ಮಾತು. ಚಾಕು ಅಲ್ಲೇ ಬಿಟ್ಟು ಎದ್ದುಬಿಡಬೇಕೆನಿಸಿತು. ಏಳಲಿಲ್ಲ. ಅವನ ಕೈಯನ್ನೇ ದುರುಗುಟ್ಟಿ ನೋಡಿದಳು. ಅಬ್ದುಲಸಾಬನ ಹೆಬ್ಬೆರಳು ಸರಿಯಾಗಿ ಆ ಮೊಳೆಯ ಮೇಲೆ ಕೂತಿತ್ತು. ಕೆಳಗಿನಿಂದ ತೋರುಬೆರಳು ಅದೇ ಜಾಗವನ್ನು ಒತ್ತಿತ್ತು. ಓಬಳೆಪ್ಪನ ದೊಡ್ಡ ಮುಷ್ಟಿಯೂ ಹಿಡಿಯ ತುದಿಯಿಂದ ಮೊಳೆಯವರೆಗೆ ಮುಚ್ಚಿಕೊಂಡಿತ್ತು. ಕನಕಪ್ಪನೂ ಹಾಗೇ ಹಿಡಿದಿದ್ದ. ಅವಳದು ಸಣ್ಣ ಕೈ. ಅಷ್ಟು ಮುಂದೆ ಹಿಡಿದರೆ ಅಲಗು ಬೆರಳಿಗೆ ತಾಗುತ್ತದೆಂದು ಹಿಂದೆ ಹಿಡಿಯುತ್ತಿದ್ದಳು. ಗಂಡಸರ ಬೆರಳೇ ಇಕ್ಕಳದ ಹಾಗೆ ಸಡಿಲವನ್ನು ಅದುಮಿ ಹಿಡಿಯುತ್ತಿತ್ತು.

"ಸಾಬ್ರ, ಆ ಹೆಬ್ಬಟ್ಟು ತಗೀರಿ."

"ಏನು?"

"ಮೊಳಿ ಮ್ಯಾಲಿಂದ ಹೆಬ್ಬಟ್ಟು ತಗೀರಿ. ಹಿಂದ ಹಿಡೀರಿ, ಬಾಲ ಹಿಡಿದಂಗ. ಹಾಂ, ಅಲ್ಲಿ. ಈಗ ಅಲಗಿನ ತುದಿ ಆಡಿಸ್ರಿ."

ಅವನು ಹಾಗೆ ಮಾಡಿದ. ಕಟಕಟ. ಅಬ್ದುಲಸಾಬ ಕನ್ನಡಕ ಮೇಲೆ ಸರಿಸಿ ಇನ್ನೊಮ್ಮೆ ಆಡಿಸಿದ.

"ಖರೆ ಐತಿ. ಎಷ್ಟು ಆಡತೈತಿ ಇದು," ಎಂದ ಮೆಲ್ಲಗೆ.

ಇಷ್ಟು ದಿನಕ್ಕೆ ಒಬ್ಬನ ಬಾಯಿಂದ ಆ ಮಾತು ಬಂದಿತ್ತು. ಮಾರೆವ್ವ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

ಮುದುಕ ಮೊಳೆಯ ತಲೆಯನ್ನು ಅರದಿಂದ ತೀಡಿ, ಬಡಿದು ಹೊರಗೆ ಹಾಕಿದ. ಅಲಗನ್ನು ಬೆಳಕಿಗೆ ಹಿಡಿದು ತೋರಿಸಿದ. ಗುಂಡಗಿರಬೇಕಾದ ತೂತು ಹುಣಸೆಬೀಜದ ಹಾಗೆ ಉದ್ದವಾಗಿ ಸವೆದಿತ್ತು. "ಮೊಳಿ ಬಡಿದ್ರ ಏನಾದೀತು? ತೂತ ಸವದೈತಿ. ಅದಕ್ಕ ಅಲಗು ಮುಂದ ಜಾರತೈತಿ, ಹಲ್ಲಿಗೆ ಕಚ್ಚು ಸಿಗವಲ್ದು. ಎರಡೂ ರೋಗಕ್ಕ ಇದ ಮೂಲ. ಯಾರು ಬಡದಾರ ಇದನ್ನ, ಹಿಂಗ?"

"ನಮ್ಮ ಮನ್ಯಾವ್ರು."

"ಅವರ ಕೈಯಾಗ ಇನ್ನ ಕೊಡಬ್ಯಾಡ."

ಕೈ ಬೈರಿಗೆಯಿಂದ ತೂತನ್ನು ದೊಡ್ಡದು ಮಾಡಿ ಗುಂಡಗಾಗಿಸಿದ. ಒಂದು ಹಳೆಯ ಕೊಡೆಯಿಂದ ದಪ್ಪ ಕಡ್ಡಿ ಆರಿಸಿ ಹೊಸ ಮೊಳೆಗೆಂದು ತುಂಡರಿಸಿದ. ಸ್ಟೋವಿನ ಹಿತ್ತಾಳೆ ತಗಡಿನಿಂದ ಎರಡು ಪುಟ್ಟ ಬಿಲ್ಲೆ ಕತ್ತರಿಸಿ ಅಲಗಿನ ಎರಡೂ ಬದಿಗೆ ಇಟ್ಟ. ಮೊಳೆ ಬಡಿದ. ಅಲಗು ಆಡಲಿಲ್ಲ. ಆದರೆ ಉಗುರು ಹಾಕಿ ಎಳೆದರೂ ಬಿಚ್ಚಲಿಲ್ಲ.

"ನಮ್ಮವ್ರೂ ಇದನ್ನ ಮಾಡಿದ್ರು," ಎಂದಳು ಅವಳು. ಧ್ವನಿಯಲ್ಲಿ ಇದ್ದ ಕಹಿ ಅವಳಿಗೇ ಕೇಳಿಸಿತು.

ಅಬ್ದುಲಸಾಬನಿಗೂ ಬೇಸರ ಬಂದಿತ್ತು. ಏನೋ ಗೊಣಗಿ, ಮೊಳೆ ಕಿತ್ತು ಹಾಕಿ, ಇನ್ನೊಂದು ಕತ್ತರಿಸಿದ. ಈ ಸಲ ಬೀಡಿ ಕಟ್ಟಿನ ಕಾಗದಕ್ಕೆ ಎಣ್ಣೆ ಹಚ್ಚಿ ಅಲಗಿಗೂ ಹಿಡಿಗೂ ನಡುವೆ ಸೇರಿಸಿ ಬಡಿದ. ಆಮೇಲೆ ಕಾಗದ ಎಳೆದು ತೆಗೆದ. ಕಾಗದದಷ್ಟೇ ತೆರಪು ಉಳಿಯಿತು. ಅಲಗು ಸಲೀಸಾಗಿ ಬಿಚ್ಚಿಕೊಂಡಿತು, ಅಡ್ಡಡ್ಡ ಆಡಲೂ ಇಲ್ಲ.

ಆದರೆ ಈಗ ಹಲ್ಲು ಕಚ್ಚಿನೊಳಗೆ ಇಳಿಯಲೇ ಒಲ್ಲದು. ಅಲಗು ತನ್ನ ಜಾಗಕ್ಕೆ ಹಿಂದೆ ಬಂದದ್ದಕ್ಕೆ ಕಚ್ಚು ಇಕ್ಕಟ್ಟಾಗಿತ್ತು. ಮಾರೆವ್ವ ಹಣೆ ಹಣೆ ಬಡಿದುಕೊಂಡಳು. ಅಷ್ಟರಲ್ಲಿ ಯಲಬುರ್ಗಾದ ಬಸ್ಸು ಹಾರ್ನ್ ಹಾಕುತ್ತಾ ಗಡಿಯಾರ ಕಂಬ ಸುತ್ತಿ ಹೋಯಿತು. ಅದನ್ನೇ ನೋಡುತ್ತಾ ನಿಂತಳು.

"ಬಸ್ ಹೋತು?" ಎಂದ ಮುದುಕ.

"ಹೋಗ್ಲಿ. ನೀವು ಮಾಡ್ರಿ."

ಅವನು ಚಿಮಣಿಯ ಮಸಿಯನ್ನು ಹಲ್ಲಿಗೆ ಹಚ್ಚಿ ಚಾಕು ಬಿಚ್ಚಿದ. ಕಚ್ಚಿನೊಳಗೆ ಮಸಿ ಎಲ್ಲಿ ಹತ್ತಿತೋ ಅಲ್ಲಿ ಮಾತ್ರ ಸಣ್ಣ ಅರದಿಂದ ಒಮ್ಮೆ ತಿಕ್ಕಿದ. ಮತ್ತೆ ಮಸಿ, ಮತ್ತೆ ಒಮ್ಮೆ. "ಇಲ್ಲಿ ಅವಸರ ಮಾಡಿದ್ರ ಕಚ್ಚು ಅಗಲಾಗತೈತಿ, ಆಮ್ಯಾಲೆ ಯಾರಿಂದನೂ ಆಗೂದಿಲ್ಲ," ಎಂದ. ಎಷ್ಟೋ ಹೊತ್ತಿನ ಮೇಲೆ 'ಟಕ್' ಎಂದಿತು. ಅವಳ ಕೈಗೆ ಕೊಟ್ಟ. ಅವಳು ಹಿಡಿಯ ಬಾಲ ಹಿಡಿದು ಅಲುಗಿಸಿದಳು. ಅಲಗಿನ ಬೆನ್ನನ್ನು ಮರಕ್ಕೆ ಒತ್ತಿದಳು, ಇನ್ನಷ್ಟು ಒತ್ತಿದಳು. ಮಡಚಲಿಲ್ಲ. ಬೇವಿನ ಕಡ್ಡಿಯಿಂದ ಒಂದು ಸಿಪ್ಪೆ ಎತ್ತಿ ಬೆರಳಿನಿಂದ ಸವರಿದಳು. ನುಣ್ಣಗಿತ್ತು.

ಸಂಜೆ ಬಸ್ಸಿನಲ್ಲಿ ಊರು ಮುಟ್ಟಿದಳು. ದುರುಗಪ್ಪ "ಕೊಡಿಲ್ಲೆ, ನೋಡೂಣು," ಎಂದು ಕೈ ಚಾಚಿದ. ಅವಳು ಕೊಡಲಿಲ್ಲ.

ಆಮೇಲೆ ಮಾಡಿದ ಕಸಿಗಳ ಪಟ್ಟಿ ಬಿಚ್ಚುವ ದಿನ ಕನಕಪ್ಪ ಸಾಲಿನಲ್ಲಿ ಬಗ್ಗಿದ. ಕಣ್ಣುಗಳು ಹಸಿರಾಗಿದ್ದವು, ಕೆಲವು ಆಗಲೇ ಮೊನೆ ಒಡೆದಿದ್ದವು.

"ಅಂತೂ ಕೈ ಕುಂತು ನೋಡು ನಿಂದು," ಎಂದ.

"ನಾ ಹೇಳಿದ್ನಲ್ಲ, ರೂಢಿ ಆಗಬೇಕು ಅಂತ," ಎಂದ ಓಬಳೆಪ್ಪ.

"ಕೈ ಅಲ್ರಿ, ಸಾಹೇಬ್ರ. ಚಾಕು ಕೆಟ್ಟಿತ್ರಿ. ತೂತ ಸವದಿತ್ತು. ನಾ ಕೊಪ್ಪಳಕ್ಕ ಒಯ್ದು ಮೊಳಿ ಹಾಕಿಸೀನಿ."

"ಆತು ಬಿಡು, ಯಾವುದೋ ಒಂದು," ಎಂದು ಕನಕಪ್ಪ ನಕ್ಕು ಮುಂದಿನ ಸಾಲಿಗೆ ಹೋದ. ಓಬಳೆಪ್ಪ ಅವಳ ಕೈಯಿಂದ ಚಾಕು ತೆಗೆದುಕೊಂಡು, ಮುಷ್ಟಿಯಲ್ಲಿ ಹಿಡಿದು, ಮೊದಲೂ ಹೀಗೇ ಇತ್ತಲ್ಲ ಎಂಬಂತೆ ತಿರುಗಿಸಿ ವಾಪಸು ಕೊಟ್ಟ. ಮಾರೆವ್ವ ಇನ್ನೂ ಏನೋ ಹೇಳಲು ಬಾಯಿ ತೆರೆದಳು. ಕೇಳುವವರು ಇಬ್ಬರೂ ಬೆನ್ನು ತಿರುಗಿಸಿದ್ದರು.

ಇಟಗಿಗೆ ಅವಳನ್ನೂ ಕಳಿಸಿದರು. ಸರ್ದಾರಬೀ ಎಂಬ ರೈತ ಹೆಂಗಸಿನ ಬದುವಿನ ಮೇಲೆ ಆಳೆತ್ತರದ ಕಾಡು ಬಾರೆ ಇದ್ದವು. ಮುಳ್ಳಿಗೆ ಸೆರಗು ಸಿಕ್ಕಿ ಹರಿಯಿತು, ಮೊಣಕೈ ತರಚಿತು. ಎದೆಯೊಳಗೆ ಆ ಸಿಟ್ಟು ಇನ್ನೂ ಇತ್ತು. ಬೆಳಗಿನಿಂದ ಸಂಜೆಯವರೆಗೆ ಅವಳು ಒಂದಾದ ಮೇಲೊಂದು ಕಣ್ಣು ಎತ್ತಿ ಕೂರಿಸುತ್ತಾ ಹೋದಳು.

"ಎಷ್ಟು ನಾಜೂಕು ಕೊಯ್ತೀಯವ್ವ," ಎಂದಳು ಸರ್ದಾರಬೀ, ನೀರಿನ ತಂಬಿಗೆ ಚಾಚುತ್ತಾ. "ನನಗೂ ಕಲಸ್ತೀಯೇನು?"

ಮಾರೆವ್ವ ನೀರು ಕುಡಿದು ತಂಬಿಗೆ ಕೊಟ್ಟಳು. "ಕುಂದ್ರು ಇಲ್ಲೆ. ಕೈ ತೋರ್ಸು," ಎಂದು ಬದುವಿನ ಮೇಲೆ ಜಾಗ ಮಾಡಿದಳು.