ಹಾಕಿಕೊಂಡು ತೋರಿಸು

ಮಕ್ಕಳು ಮೊಬೈಲು ಹಿಡಿದು ಕೂತರೆ ಓದುತ್ತಿದ್ದಾರೋ ಹರಟುತ್ತಿದ್ದಾರೋ ತಿಳಿಯದೆ ಒದ್ದಾಡುವ ಮನೆಗಳು ನಮ್ಮ ಬೀದಿಯಲ್ಲಿ ಬಹಳ. ಟೈಲರ್ ಅಕ್ಕನಿಗೆ ಮಾತ್ರ ಆ ಚಿಂತೆ ಇರಲಿಲ್ಲ. ಅವರ ಮಗಳು ಗುಬ್ಬಿ, ಹೈಸ್ಕೂಲು ಹುಡುಗಿ. ಗಣಿತದಲ್ಲಿ ಹಿಂದೆ ಬಿದ್ದವಳು ಮೊಬೈಲಿನಲ್ಲಿ ಪಾಠ ನೋಡಿಯೇ ಮೇಲೆ ಬಂದಿದ್ದಳು. ಬಟ್ಟೆ ಕತ್ತರಿಸುವ ಹೊಸ ರೀತಿಗಳನ್ನೂ ಅಲ್ಲೇ ಕಲಿತು ತಾಯಿಗೆ ಹೇಳಿಕೊಡುತ್ತಿದ್ದಳು. ನನಗೆ ಮಗಳೇ ಮೇಷ್ಟ್ರು ಎಂದು ಅಕ್ಕ ಬಂದವರ ಮುಂದೆಲ್ಲ ಬೀಗುತ್ತಿದ್ದರು.

ಅಂಥ ಹುಡುಗಿ ಊಟ ಬಿಟ್ಟಳು. ಕೇಳಿದರೆ ಹೊಟ್ಟೆನೋವು ಎಂದಳು. ಶಾಲೆಗೆ ಹೊರಡಲು ಅವಳ ಕಾಲೇ ಏಳುತ್ತಿರಲಿಲ್ಲ.

ಒಂದು ಸಂಜೆ ಮಹಡಿ ಮನೆಯ ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಿಳಿ ಕೋಟನ್ನು ಹಾಕಿ ನೋಡಲು ಬಂದಿದ್ದರು. ಅಕ್ಕ ಭುಜ ಸರಿಮಾಡುತ್ತಿದ್ದರು, ಗುಬ್ಬಿ ಗುಂಡುಪಿನ್ನು ಕೊಡುತ್ತಿದ್ದಳು. ಮೇಜಿನ ಮೇಲಿದ್ದ ಅವಳ ಮೊಬೈಲು ಗುಂಯ್ ಎಂದಿತು. ಪಿನ್ನಿನ ಡಬ್ಬಿ ಹುಡುಗಿಯ ಕೈಯಿಂದ ಜಾರಿತು, ಪಿನ್ನು ನೆಲದ ತುಂಬ ಚೆಲ್ಲಿದವು. ಅಕ್ಕ ಗದರುವ ಮೊದಲೇ ನರ್ಸಮ್ಮ ಅರ್ಧ ಹೊಲಿದ ಕೋಟಿನಲ್ಲೇ ನೆಲಕ್ಕೆ ಕೂತು ಪಿನ್ನು ಆಯತೊಡಗಿದರು. ಹುಡುಗಿಯ ಮುಖ ನೋಡದೆ ಮೆಲ್ಲಗೆ ಕೇಳಿದರು: "ಯಾರಾದ್ರೂ ಹೆದರಿಸ್ತಾ ಇದಾರಾ, ಪುಟ್ಟಿ?"

ಗುಬ್ಬಿ ಬಿಕ್ಕಿ ಬಿಕ್ಕಿ ಎಲ್ಲವನ್ನೂ ಹೇಳಿದಳು.

ಮೊಬೈಲಿನಲ್ಲಿ ಹೊಲಿಗೆ ಕಲಿಯುವವರ ಒಂದು ಗುಂಪಿನಲ್ಲಿ ಅವಳಿಗೆ ಒಬ್ಬ ಗೆಳತಿ ಸಿಕ್ಕಿದ್ದಳು. ಗೊತ್ತಾಗದ ಲೆಕ್ಕ ಬಿಡಿಸಿಕೊಡುತ್ತಿದ್ದಳು, ಬೇಸರವಾದಾಗ ಸಮಾಧಾನ ಹೇಳುತ್ತಿದ್ದಳು. ತರಗತಿಯ ಗೆಳತಿಯರಿಗಿಂತ ಅವಳೇ ಹತ್ತಿರವಾದಳು. ಒಂದು ದಿನ, ನೀನು ಹೊಲಿಯುತ್ತಿರುವ ಅಂಗಿಯ ಭುಜ ಹೇಗೆ ಕೂರುತ್ತದೆ ನೋಡಬೇಕು, ನೀನೇ ಹಾಕಿಕೊಂಡು ತೋರಿಸು ಎಂದಳು. ಗಿರಾಕಿ ಬರುವ ಮೊದಲು ಮಗಳ ಮೈಮೇಲೆ ಬಟ್ಟೆ ಇಟ್ಟು ನೋಡುವುದು ಆ ಮನೆಯ ದಿನದ ಕೆಲಸ. ಗುಬ್ಬಿಗೆ ಅನುಮಾನವೇ ಬರಲಿಲ್ಲ. ತೋಳು ಜೋಡಿಸದ, ಬರೀ ಕಚ್ಚಾ ಹೊಲಿಗೆಯ ಟಾಕಾ ಹಾಕಿದ ಅಂಗಿ ತೊಟ್ಟು ಫೋಟೋ ಕಳಿಸಿದಳು.

ಮಾತಿನ ಧಾಟಿ ಆವತ್ತೇ ಬದಲಾಯಿತು. ನಾನು ಕೇಳಿದಂಥ ಫೋಟೋ ಕಳಿಸು, ಇಲ್ಲದಿದ್ದರೆ ಇದನ್ನೇ ಕೆಟ್ಟದಾಗಿ ತಿದ್ದಿ ನಿನ್ನ ತರಗತಿಯವರಿಗೆಲ್ಲ ಹಂಚುತ್ತೇನೆ ಎಂಬ ಬೆದರಿಕೆ ಬಂತು. ತರಗತಿಯವರ ಹೆಸರುಗಳೂ ಆ ಕಡೆಯವರಿಗೆ ಗೊತ್ತಿದ್ದವು. ಗುಬ್ಬಿಯೇ ನಂಬಿ ಹೇಳಿದ್ದಳು. ಆ ಕಡೆ ಇರುವುದು ಹುಡುಗಿಯೋ ಗಂಡಸೋ, ಅದೂ ಈಗ ಗೊತ್ತಿಲ್ಲ.

ಅಕ್ಕ ಮೊಬೈಲು ಕಿತ್ತುಕೊಂಡರು. "ಕಲ್ಲಿಗೆ ಬಡಿದು ಪುಡಿ ಮಾಡ್ತೀನಿ. ಓದೂ ಬೇಡ, ಏನೂ ಬೇಡ. ಹೇಳೋಕೆ ಬಾಯಿರ್ಲಿಲ್ವಾ ನಿಂಗೆ?"

"ಹೇಳಿದ್ರೆ ನೀನು ಹಿಂಗೇ ಮಾಡ್ತೀಯ ಅಂತ ಗೊತ್ತಿತ್ತಮ್ಮ."

ಅಕ್ಕ ಎತ್ತಿದ ಕೈ ಹಾಗೆಯೇ ನಿಂತಿತು. ನರ್ಸಮ್ಮ ಮೆತ್ತಗೆ ಮೊಬೈಲು ತೆಗೆದುಕೊಂಡರು. ಇದನ್ನು ಒಡೆದರೆ ಸಾಕ್ಷಿಯೇ ಹೋಗುತ್ತದೆ ಎಂದರು. ಬಂದ ಸಂದೇಶಗಳನ್ನೆಲ್ಲ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಉತ್ತರ ಕೊಡಬಾರದು. ಇನ್ನೊಂದು ಫೋಟೋ ಕಳಿಸಿದರೆ ಕಾಟ ಮುಗಿಯುವುದಿಲ್ಲ, ಹೆಚ್ಚುತ್ತದೆ. ಆಮೇಲೆ ಆ ಖಾತೆಯನ್ನು ಬ್ಲಾಕ್ ಮಾಡಿ, ಪೊಲೀಸರ ಸೈಬರ್ ವಿಭಾಗಕ್ಕೆ ದೂರು ಕೊಡಬೇಕು. ತರಗತಿಯ ಟೀಚರಿಗೂ ಮೊದಲೇ ತಿಳಿಸಬೇಕು.

ಪೊಲೀಸು ಎಂದಕೂಡಲೇ ಅಕ್ಕ ಹಿಂಜರಿದರು. ಮಾನ ಹೋಗುತ್ತದೆ, ನಾಲ್ಕು ಜನ ಏನಂದಾರು?

"ತಪ್ಪು ಮಾಡಿದೋರು ಆ ಕಡೆ ಇದಾರೆ, ಅಕ್ಕ. ನೀವ್ಯಾಕೆ ತಲೆ ತಗ್ಗಿಸ್ತೀರಿ? ನಂಗೆ ನಾಲ್ಕು ಜನದ ಭಯ ಇಲ್ಲ. ಇವಳು ಒಬ್ಬಳೇ ಕೂತು ಏನು ಮಾಡ್ಕೊಳ್ತಾಳೋ ಅನ್ನೋದೇ ಭಯ. ಅಂಥ ಮಕ್ಕಳನ್ನ ಆಸ್ಪತ್ರೆಲಿ ನೋಡಿದೀನಿ."

ಅಕ್ಕ ಮಗಳ ಕಡೆ ತಿರುಗಿದರು. ಇಷ್ಟು ದಿನ ಅಳತೆಪಟ್ಟಿ ಹಿಡಿದು ಮುಟ್ಟಿದ ಮೈ ಎಷ್ಟು ಸೊರಗಿದೆ ಎಂದು ಆಗ ಕಂಡಿತು. ಚಪ್ಪಲಿ ಮೆಟ್ಟಿ, "ನಡಿ ಮಗಳೇ, ನಾನಿದೀನಿ" ಎಂದರು.

ದೂರು ದಾಖಲಾಗಿದೆ. ಆ ಕಡೆಯವರು ಯಾರೆಂದು ಇನ್ನೂ ಪತ್ತೆಯಾಗಿಲ್ಲ, ಹೆದರಿಕೆ ಪೂರ್ತಿ ಹೋಗಿಲ್ಲ. ಆದರೆ ಗುಬ್ಬಿ ಶಾಲೆಗೆ ಹೋಗುತ್ತಿದ್ದಾಳೆ. ಮೊಬೈಲಿನ ಪಾಠವೂ ನಿಂತಿಲ್ಲ.

ತಾಯಂದಿರೇ, ತಂದೆಯರೇ, ಕಲಿಸುವ ಮೊಬೈಲಿನೊಳಗೇ ಕಾಡುವವರೂ ಇದ್ದಾರೆ. ಮುಖ ಕಾಣದವರಿಗೆ ಫೋಟೋ, ಶಾಲೆ, ಗೆಳೆಯರ ಹೆಸರು ಕೊಡಬಾರದೆಂದು ಮಕ್ಕಳಿಗೆ ತಿಳಿಹೇಳಿ. ಜೊತೆಗೆ, ಏನೇ ಆಗಿದ್ದರೂ ಮೊದಲು ನನಗೆ ಹೇಳು, ನಾನು ಬೈಯುವುದಿಲ್ಲ ಎಂದು ಇವತ್ತೇ ಮಾತು ಕೊಡಿ. ಮಗು ಬಂದು ಹೇಳಿದ ದಿನ ಆ ಮಾತು ಉಳಿಸಿಕೊಳ್ಳಿ.