ಹೊಸದೇನಾದರೂ ಇದೆಯೇ?

ನನ್ನ ಗಂಡನನ್ನು ಮಣ್ಣು ಮಾಡಿ, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಸಾಮಾನ್ಯ ಬೆಳಿಗ್ಗೆ, ಅಡುಗೆಮನೆಯ ಕಪಾಟಿನ ಮೇಲೆ ಗಂಟೆ ಹೊಡೆಯಿತು. ಟಿಣ್.

"ಯಾರೋ ಬಂದ್ರು ನೋಡು," ಎಂದರು ಅತ್ತೆ.

ಯಾರೂ ಬಂದಿರಲಿಲ್ಲ. ಅದು ಅವನ ಗಂಟೆ. ಮನೆ ತುಂಬ ಜನರಿದ್ದಾಗ ಅದರ ಸದ್ದು ಯಾರ ಕಿವಿಗೂ ಬಿದ್ದಿರಲಿಲ್ಲ, ಅಷ್ಟೆ.

ಸಣ್ಣ ಗ್ರಂಥಾಲಯಗಳಿಗಾಗಿ ಸರ್ವರ್ ತಂತ್ರಾಂಶ ಬರೆಯುವ ಗುಂಪಿನಲ್ಲಿ ಅವನೂ ಒಬ್ಬ. ಯಾರು ಯಾವ ಪುಸ್ತಕ ಒಯ್ದರು, ಯಾವುದು ವಾಪಸ್ ಬಂತು ಎಂದು ನೋಡಿಕೊಳ್ಳುವ ತಂತ್ರಾಂಶ. ಪುಕ್ಕಟೆ, ಕೋಡ್ ಎಲ್ಲರಿಗೂ ತೆರೆದದ್ದು. ಒಮ್ಮೆ ಹಾಕಿಕೊಂಡವರು ಮತ್ತೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಭದ್ರತೆಯ ತೂತು ಮುಚ್ಚಿದ ಹೊಸ ಆವೃತ್ತಿ ಬಂದರೂ ಹಳೆಯದರಲ್ಲೇ ಕಾಲ ತಳ್ಳುತ್ತಿದ್ದರು. ಅದಕ್ಕೇ ಅವನು ಸರ್ವರಿಗೊಂದು ಅಭ್ಯಾಸ ಕಲಿಸುತ್ತಿದ್ದ. ಬೆಳಿಗ್ಗೆ ಎದ್ದೊಡನೆ ಅದು 'ಹೊಸದೇನಾದರೂ ಇದೆಯೇ?' ಎಂದು ತಾನೇ ಕೇಳಬೇಕು. ಇದ್ದರೆ ಗ್ರಂಥಪಾಲಕರಿಗೆ ತಿಳಿಸಬೇಕು. ಪರೀಕ್ಷೆಗೆ ಒಪ್ಪಿದ ಕೆಲವು ಗ್ರಂಥಾಲಯಗಳ ಸರ್ವರುಗಳು ಸದ್ಯಕ್ಕೆ ನಮ್ಮ ಮನೆಯ ಪುಟ್ಟ ಯಂತ್ರವನ್ನೇ ಕೇಳುತ್ತಿದ್ದವು. ಪ್ರಶ್ನೆ ಬಂದಾಗಲೆಲ್ಲ ಆಟಿಕೆ ಮೋಟರಿಗೆ ಕಟ್ಟಿದ ಚಮಚವೊಂದು ಮೇಜಿನ ಮೇಲಿಟ್ಟು ಒತ್ತುವ ಹಿತ್ತಾಳೆಯ ಕರೆಗಂಟೆಗೆ ಬಡಿಯುತ್ತಿತ್ತು. ಗಂಟೆ ಕೆಳಗಿನ ದರ್ಜಿ ಅಂಗಡಿಯದು, ಎರಡು ದಿನಕ್ಕೆಂದು ತಂದದ್ದು. ಅವನ ಎರಡು ದಿನ ಯಾವ ಕ್ಯಾಲೆಂಡರಿಗೂ ಸಿಗುವಂಥದ್ದಲ್ಲ.

ಮತ್ತೆ ಟಿಣ್ ಎಂದಿತು. ಎದ್ದು ಯಂತ್ರದ ಪ್ಲಗ್ ಕಿತ್ತೆ.

ಅತ್ತೆಯೂ ನಾನೂ ಚಹಾ ಕುಡಿದೆವು.

ಲೋಟ ತೊಳೆಯುವಷ್ಟರಲ್ಲಿ ಒಬ್ಬ ಗ್ರಂಥಪಾಲಕಿಯ ಫೋನ್ ಬಂತು. ಸಾವಿನ ಸುದ್ದಿ ಅವರಿಗೆ ಗೊತ್ತಿತ್ತು. ತಡವರಿಸಿ ತಡವರಿಸಿ ವಿಷಯಕ್ಕೆ ಬಂದರು. ಸರ್ವರ್ ಏಳುತ್ತಿಲ್ಲ, ಬಾಗಿಲಲ್ಲಿ ಪುಸ್ತಕ ಹಿಡಿದ ಮಕ್ಕಳ ಸಾಲು ನಿಂತಿದೆ. ಹಿಂದೆಯೇ ಇನ್ನೊಬ್ಬರದು, ಅದೇ ದೂರು. ಪ್ಲಗ್ ಹಾಕಿದೆ. ಟಿಣ್ ಟಿಣ್ ಟಿಣ್. ಊರೂರುಗಳಲ್ಲಿ ಸರ್ವರುಗಳು ಎದ್ದು ಕೂತವು.

ಆಗ ತಿಳಿಯಿತು: ಉತ್ತರ ಬರುವವರೆಗೂ ಅವು ಕೆಲಸವನ್ನೇ ಶುರು ಮಾಡದೆ ಕಾಯುತ್ತಿದ್ದವು.

ಅವನ ಲ್ಯಾಪ್‌ಟಾಪ್ ತೆರೆದೆ. ನಾವಿಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಅವನ ಕೈಬರಹಕ್ಕಿಂತ ಅವನ ಕೋಡ್ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಗುಂಪಿನ ಹಿರಿಯರೊಬ್ಬರಿಗೆ ನಾವು ಮನೆಯಲ್ಲಿ ತಕರಾರಣ್ಣ ಎಂದು ಹೆಸರಿಟ್ಟಿದ್ದೆವು. ಗುಂಪಿನ ಚರ್ಚೆಯ ಪುಟದಲ್ಲಿ ಅವರು ಹಿಂದೆಯೇ ಕೇಳಿದ್ದರು: ಉತ್ತರ ಬರದಿದ್ದರೆ? ಅವನು ಬರೆದಿದ್ದ: ಬರದೆ ಏನು, ನಾನಿಲ್ಲವೇ?

ಅದನ್ನು ಎರಡು ಸಲ ಓದಿದೆ.

ಕೆಳಗೆ ತಕರಾರಣ್ಣನ ಹೊಸ ಸಾಲುಗಳಿದ್ದವು. ಸಂತಾಪ ಹೇಳಿದ್ದರು. ಹೊಣೆ ಹೊರುವವರಿಲ್ಲದ ಬದಲಾವಣೆಯನ್ನು ಸೇರಿಸಿಕೊಳ್ಳುವ ಪದ್ಧತಿ ಗುಂಪಿನಲ್ಲಿಲ್ಲ, ಶುಕ್ರವಾರದೊಳಗೆ ಯಾರೂ ಮುಂದೆ ಬರದಿದ್ದರೆ ಇದನ್ನು ಮುಚ್ಚಬೇಕಾಗುತ್ತದೆ ಎಂದೂ ಹೇಳಿದ್ದರು. ಅವನು ಕೊನೆಯದಾಗಿ ಕೈ ಹಾಕಿದ ಕೆಲಸ ಅದು. ಮುಚ್ಚಿದರೆ ಮುಗಿಯಿತು.

ನಾನಿದ್ದೇನೆ, ಎಂದು ಬರೆದೆ.

ಅವರು ಕೂಡಲೇ ಫೋನ್ ಮಾಡಿದರು. "ಅಲ್ಲಮ್ಮಾ, ಈಗಲೇ ಯಾಕೆ? ಸುಧಾರಿಸ್ಕೋ. ಆಮೇಲೆ ನೋಡೋಣ."

"ಆಮೇಲೆ ನೀವು ಮುಚ್ಚಿರ್ತೀರಲ್ಲ, ಸರ್."

"ಸರಿ, ನನ್ನ ಪ್ರಶ್ನೆ ಹಾಗೇ ಇದೆ. ಉತ್ತರ ಬರದಿದ್ರೆ?"

"ಕಾಯ್ತಾ ಕೂರಬಾರ್ದು. ಬಾಗಿಲು ತೆಗೀಬೇಕು. ನಾಳೆ ಇನ್ನೊಂದ್ಸಲ ಕೇಳ್ಬೇಕು."

"ಹೂಂ. ಬರೆದು ತೋರಿಸು."

ಬದಲಿಸಬೇಕಾದ ಸಾಲುಗಳು ಹೆಚ್ಚಿರಲಿಲ್ಲ. ಮೊದಲು ಸರ್ವರ್ ಏಳಲಿ. ಪ್ರಶ್ನೆ ಪಕ್ಕದಲ್ಲಿ ತನ್ನ ಪಾಡಿಗೆ ಹೋಗಿಬರಲಿ. ಕೇಳುವುದೇ ಬೇಡ ಎನ್ನುವವರಿಗೆ ಅದನ್ನು ನಿಲ್ಲಿಸುವ ಅವಕಾಶವಿರಲಿ. ಯಾರು ಏನು ಓದುತ್ತಾರೆ ಎಂಬ ಸುದ್ದಿ ಹೊರಗೆ ಹೋಗುತ್ತದೆಯೇ ಎಂದು ತಕರಾರಣ್ಣ ಸುತ್ತಿ ಬಳಸಿ ಕೇಳುತ್ತಲೇ ಇದ್ದರು. ಇಲ್ಲ, ತನ್ನ ಆವೃತ್ತಿಯ ಸಂಖ್ಯೆ ಬಿಟ್ಟು ಅದು ಬೇರೇನೂ ಹೇಳುವುದಿಲ್ಲ ಎಂದು ನಾನೂ ಹೇಳುತ್ತಲೇ ಇದ್ದೆ. ಅತ್ತೆ ತಟ್ಟೆ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಬುಧವಾರ ಅದನ್ನು ಖಾಲಿ ಮಾಡಿದೆ. ಹಸಿವಾಗಿತ್ತು.

ಗುರುವಾರ ಪರೀಕ್ಷೆ. ಹೊಸ ಆವೃತ್ತಿ ಹಾಕಿಕೊಂಡ ಗ್ರಂಥಪಾಲಕಿ ಫೋನಿನಲ್ಲಿ, ನಾನು ಪರದೆಯ ಮುಂದೆ, ಅತ್ತೆ ಪ್ಲಗ್ ಹಿಡಿದು ಗೋಡೆಯ ಹತ್ತಿರ.

"ಕೀಳ್ಲಾ?"

"ಇರಿ ಅತ್ತೆ."

"ಚಿಕ್ಕವನಿದ್ದಾಗ ಹಲ್ಲು ಕೀಳ್ಸೋಕೂ ಅವನು ಇಷ್ಟು ಸತಾಯಿಸಿರ್ಲಿಲ್ಲ."

ಯಾರೋ ನಕ್ಕರು. ನಾನೇ.

ಅತ್ತೆ ಕಿತ್ತರು. ಗಂಟೆ ಸುಮ್ಮನಿತ್ತು. ಸರ್ವರ್ ಶುರು ಮಾಡಿ ಎಂದೆ. ಫೋನಿನಾಚೆ ಮಕ್ಕಳ ಗಲಾಟೆಯಷ್ಟೇ ಕೇಳುತ್ತಿತ್ತು. ಆಮೇಲೆ ಗ್ರಂಥಪಾಲಕಿಯ ದನಿ: "ಎದ್ದಿದೆ ಮೇಡಂ. ಒಬ್ಳು ಆಗ್ಲೇ ಪುಸ್ತಕ ಬರೆಸ್ಕೊಂಡು ಓಡಿದ್ಲು."

ಶುಕ್ರವಾರ ಹಿರಿಯರ ಒಂದು ಸಾಲು ಬಂತು: ತಕರಾರಿಲ್ಲ, ಸೇರಿಸಿದ್ದೇನೆ. ಗಟ್ಟಿಯಾಗಿ ಓದಿದೆ. ಅತ್ತೆ ನಗುತ್ತ ಕುರ್ಚಿ ಹಿಡಿದುಕೊಂಡರು. "ಅವರಿಗೆ ಗೊತ್ತೇನೇ, ನಾವಿಟ್ಟ ಹೆಸರು?"

ಮರುದಿನ ಬೆಳಿಗ್ಗೆ ಇಬ್ಬರೂ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ಟಿಣ್. ಹೊಸದೇನಾದರೂ ಇದೆಯೇ? ಇದೆ. ಟಿಣ್. ಇದೆ. ಇಷ್ಟು ದಿನ ಅವಕ್ಕೆ ಸಿಗುತ್ತಿದ್ದ ಉತ್ತರ 'ಇಲ್ಲ' ಎಂದೇ. ಪ್ರತಿ ಟಿಣ್‌ಗೂ ಅತ್ತೆ, ಬಂದವರನ್ನು ಒಳಗೆ ಕರೆಯುವಂತೆ, "ಇದೆ ಇದೆ" ಎನ್ನುತ್ತಿದ್ದರು. ಹೊಸ ಆವೃತ್ತಿ ಹಾಕಿಕೊಂಡ ಸರ್ವರುಗಳು ಇನ್ನು ಗುಂಪಿನ ವಿಳಾಸವನ್ನು ಕೇಳುತ್ತವೆ, ನಮ್ಮನ್ನಲ್ಲ. ವಾರ ಕಳೆಯುವಷ್ಟರಲ್ಲಿ ಗಂಟೆಗೆ ಕೆಲಸವಿಲ್ಲದಾಯಿತು.

ಚಮಚ ಬಿಚ್ಚಿ ತೊಳೆದು ಅದರ ಡಬ್ಬಕ್ಕೆ ಹಾಕಿದೆ. ಗಂಟೆ ಒರೆಸಿಕೊಂಡು ಕೆಳಗಿಳಿದೆ.

ದರ್ಜಿ ಮೇಜಿನ ಹಿಂದೆ ಕತ್ತರಿ ಹಿಡಿದು ನಿಂತಿದ್ದರು. ಗಂಟೆಯಿಲ್ಲದೆ ಗಿರಾಕಿಗಳು ಕೆಮ್ಮಿ ಕೆಮ್ಮಿ ಕರೆಯುತ್ತಿದ್ದರಂತೆ; ಅರ್ಧ ಬೀದಿಯ ಗಂಟಲು ಕೆಟ್ಟಿದೆ ಎಂದರು. ಆಮೇಲೆ ಕತ್ತರಿ ಕೆಳಗಿಟ್ಟರು.

"ಇಟ್ಕೋಬಹುದಿತ್ತು ನೀವು."

"ಎರಡು ದಿನಕ್ಕೆ ಅಂದಿದ್ನಂತೆ."

"ಅಂದಿದ್ರು."

ಮೇಜಿನ ಮರದ ಮೇಲೆ ಗಂಟೆಯ ದುಂಡನೆಯ ಗುರುತು ಹಾಗೇ ಇತ್ತು. ಅದರ ಮೇಲಿಟ್ಟೆ. ಬೆರಳಿನಿಂದ ಒಮ್ಮೆ ಒತ್ತಿದೆ. ಟಿಣ್.

ಎದುರಿಗೇ ನಿಂತಿದ್ದ ದರ್ಜಿ, "ಬಂದೆ, ಬಂದೆ," ಎಂದರು.