ಹಲ್ಲಿನ ಬೇರಿಗೂ ಸ್ಕ್ಯಾನಿಂಗ್

ಬಸ್ ಡಿಪೋದ ಆ ಮೆಕ್ಯಾನಿಕ್ ತನ್ನ ಕ್ಲಾರಿನೆಟ್ ಊದದೆ ತಿಂಗಳುಗಳೇ ಕಳೆದಿದ್ದವು. ಸಂಜೆ ಡಿಪೋದ ಬ್ಯಾಂಡಿನವರು ಶೆಡ್ಡಿನ ಹಿಂದೆ ಅಭ್ಯಾಸ ಶುರುಮಾಡಿದರೆ, ಇವನು ಬಸ್ಸಿನ ಮರೆಯಲ್ಲಿ ನಿಂತು ಕೇಳುತ್ತಿದ್ದ. ತಾನು ನುಡಿಸಬೇಕಾದ ಜಾಗ ಬಂದಾಗ ಬೆರಳುಗಳು ತಾವಾಗಿಯೇ ಬಸ್ಸಿನ ತಗಡಿನ ಮೇಲೆ ಆಡುತ್ತಿದ್ದವು.

ಇದಕ್ಕೆಲ್ಲ ಕಾರಣ ಮೇಲಿನ ಸಾಲಿನ ಒಂದು ಮುಂದಿನ ಹಲ್ಲು. ಹಿಂದೊಮ್ಮೆ ಸ್ಪ್ಯಾನರ್ ಜಾರಿ ಅದಕ್ಕೆ ಬಡಿದಿತ್ತು. ನೋವು ಹೋಯಿತಲ್ಲ ಎಂದು ಸುಮ್ಮನಿದ್ದ. ಬರಬರುತ್ತ ಹಲ್ಲು ಕಪ್ಪಿಟ್ಟಿತು, ಒಸಡು ಊದಿಕೊಂಡಿತು. ಕ್ಲಾರಿನೆಟ್ಟಿನ ತುದಿ ಒತ್ತುವುದು ಅದೇ ಹಲ್ಲಿಗೆ. ಕಚ್ಚಿ ಊದಿದರೆ ಜೀವ ಹೋದಂತಾಗುತ್ತಿತ್ತು.

ಕೀಳಿಸಿಬಿಡಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಕೀಳಿಸಿದರೆ ಮತ್ತೆ ಮೊದಲಿನಂತೆ ಊದಲು ಆಗದೇನೋ ಎಂಬ ಭಯ ಅವನಿಗೆ. ಅದನ್ನು ಬಾಯಿಬಿಟ್ಟು ಹೇಳದೆ, ಲವಂಗದ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದ.

ಹೆಂಡತಿಯ ತಂಗಿ ದಂತ ಆಸ್ಪತ್ರೆಯಲ್ಲಿ ನರ್ಸ್. ಒಂದು ಭಾನುವಾರ ಬಂದವಳು, ಭಾವ ಒಂದೇ ಕಡೆ ಅಗಿಯುವುದನ್ನು ಕಂಡು ತುಟಿ ಎತ್ತಿಸಿ ನೋಡಿದಳು.

“ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರಾ ಅಕ್ಕ? ಬೇರಿನ ತುದೀಲಿ ಏನಾಗಿದೆ ಅಂತ ಮೊದಲು ನೋಡ್ಬೇಕು. ಎಕ್ಸ್‌ರೇ ತೆಗೀತಾರೆ. ಬೇಕಾದ್ರೆ ಸ್ಕ್ಯಾನಿಂಗೂ ಮಾಡ್ತಾರೆ.”

“ಸ್ಕ್ಯಾನಿಂಗಾ? ನಾನೇನು ಬಸುರಿನಾ?” ಎಂದ ಅವನು.

ಅಕ್ಕತಂಗಿಯರು ನಕ್ಕರು. ಕಿವಿಗೆ ಕೇಳಿಸದ ಶಬ್ದದ ಅಲೆ ಒಳಗೆ ಹೋಗಿ ಮರಳಿ ಬರುತ್ತದೆ, ಅದರಿಂದಲೇ ಪರದೆಯ ಮೇಲೆ ಚಿತ್ರ ಮೂಡುತ್ತದೆ ಎಂದು ನಾದಿನಿ ವಿವರಿಸಿದಳು. ಶಬ್ದ ಎಂದ ಕೂಡಲೇ ಅವನು ತಲೆಯೆತ್ತಿದ. ಮರುದಿನ ಮೂವರೂ ಆಸ್ಪತ್ರೆಗೆ ಹೋದರು.

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಕಲೆ ಕಂಡಿತು. ಅಲ್ಲಿ ಮೂಳೆ ಕರಗಿದೆ ಎಂದು ಗೊತ್ತಾಯಿತೇ ಹೊರತು, ಒಳಗಿರುವುದು ನೀರು ತುಂಬಿದ ಚೀಲವೋ ಮಾಂಸದ ಗಂಟೋ ತಿಳಿಯಲಿಲ್ಲ. ಡಾಕ್ಟರಮ್ಮ ತುಟಿಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಚಿಕ್ಕದೊಂದು ಸಾಧನವನ್ನು ಮೆಲ್ಲಗೆ ಆಡಿಸಿದರು. ಸೂಜಿಯಿಲ್ಲ, ನೋವಿಲ್ಲ, ವಿಕಿರಣವೂ ಇಲ್ಲ. ಪರದೆಯಲ್ಲಿ ಕೆಂಪು ನೀಲಿ ಚುಕ್ಕೆಗಳು ಮಿನುಗಿದವು.

“ರಕ್ತ ಓಡ್ತಿದೆ ನೋಡಿ, ಬರೀ ನೀರಿನ ಚೀಲ ಇದ್ದ ಹಾಗಿಲ್ಲ. ನೂರಕ್ಕೆ ನೂರು ಹೇಳ್ಬೇಕಾದ್ರೆ ತುಣುಕು ತೆಗೆದು ಪರೀಕ್ಷೆ ಮಾಡ್ಬೇಕು. ಆದ್ರೆ ಈಗ್ಲೇ ಕೀಳೋದು ಬೇಡ. ಇಂಥ ಗಂಟು ಸಾಮಾನ್ಯವಾಗಿ ರೂಟ್ ಕೆನಾಲ್‌ಗೇ ಕುಗ್ಗುತ್ತೆ, ಅದನ್ನ ಮಾಡಿ ಕಾಯೋಣ.”

ಅವನು ಕೇಳಿದ್ದು ಒಂದೇ ಮಾತು. “ಊದಬಹುದಾ ಡಾಕ್ಟ್ರೇ?”

“ಈಗಲ್ಲ. ಮೂಳೆ ತುಂಬ್ಕೊಳ್ಲಿ.”

ಬೇರಿನ ಒಳಗನ್ನು ಸ್ವಚ್ಛ ಮಾಡಿ ತುಂಬಿದರು. ಆಮೇಲೆ ಕಾಯುವುದೇ ಕೆಲಸ. ಸಂಜೆ ಕೆಲಸದಿಂದ ಬಂದು ಪೆಟ್ಟಿಗೆ ತೆಗೆದು, ಕ್ಲಾರಿನೆಟ್ಟಿನ ತುಂಡುಗಳನ್ನು ಜೋಡಿಸಿ, ಊದದೆ ಬರೀ ಬೆರಳಾಡಿಸುತ್ತಿದ್ದ. ಹೆಂಡತಿ ಅದನ್ನು ನೋಡಿ ಪಕ್ಕದಲ್ಲಿ ಬಂದು ಕೂತಳು.

“ಇಷ್ಟು ಆಸೆ ಇಟ್ಕೊಂಡು ಒಂದು ಮಾತೂ ಆಡ್ಲಿಲ್ವಲ್ಲ ನೀವು. ನಾನು ಕೀಳಿಸಿ ಕೀಳಿಸಿ ಅಂತಿದ್ದೆ” ಎಂದಳು.

ತಿಂಗಳುಗಳ ನಂತರ ಮತ್ತೆ ಸ್ಕ್ಯಾನ್ ಮಾಡಿದಾಗ ಗಂಟು ಕುಗ್ಗಿತ್ತು. ಸ್ವಲ್ಪ ಸ್ವಲ್ಪ ಊದಬಹುದು ಎಂದರು ಡಾಕ್ಟರಮ್ಮ. ಆ ಸಂಜೆ ಅವನ ಮೊದಲ ಸ್ವರ ನಡುಗಿತು, ಒಡೆಯಿತು, ನಿಂತೇಹೋಯಿತು. ಒಳಗಿದ್ದ ಹೆಂಡತಿ ಬಾಗಿಲಿಗೆ ಬಂದಳು.

“ಇನ್ನೊಂದ್ಸಲ” ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಲ್ಲೇನಾದರೂ ಕಪ್ಪಾಗಿದೆಯೇ? ಒಸಡಿನಲ್ಲಿ ಗುಳ್ಳೆ ಎದ್ದಿದೆಯೇ? ನೋವಿಲ್ಲವೆಂದು ಬಿಡಬೇಡಿ, ದಂತವೈದ್ಯರಿಗೆ ತೋರಿಸಿ. ಈ ಸ್ಕ್ಯಾನ್ ಎಲ್ಲ ಹಲ್ಲಿಗೂ ಆಗುವುದಿಲ್ಲ, ದಪ್ಪ ಮೂಳೆಯೊಳಗೆ ಅಲೆ ಇಳಿಯುವುದಿಲ್ಲ. ನಿಮಗೆ ಆಗುತ್ತದೆಯೇ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹಲ್ಲು ಕೀಳಿಸುವ ಮುನ್ನ ಬೇರಿನಲ್ಲಿ ಏನಿದೆಯೆಂದು ನೋಡಿಸಿ.